ಗೀಸರಿನ ಗಂಧ

ನಮ್ಮ ಮನೆಯೊಳಗೆ ಮೊಟ್ಟೆಗೆ ಪ್ರವೇಶವಿಲ್ಲ. ಹಾಗಿದ್ದೂ ಬಚ್ಚಲುಮನೆಯಲ್ಲಿ ಕೊಳೆತ ಮೊಟ್ಟೆಯ ನಾತ ಎದ್ದಾಗ ಎಲ್ಲರ ಕಣ್ಣೂ ನನ್ನ ಮೇಲೆ. "ನಿನ್ನೆ ಸಂಜೆ ಎಲ್ಲಿಗೆ ಹೋಗಿದ್ರಿ?" ಎಂದು ನನ್ನವಳು ಕೇಳಿದ ಧಾಟಿಗೆ, ತಿನ್ನದ ಆಮ್ಲೆಟ್ಟನ್ನೂ ಒಪ್ಪಿಕೊಂಡುಬಿಡೋಣ ಅನ್ನಿಸಿತು. ಸದ್ಯ, ತಣ್ಣೀರಿನ ನಲ್ಲಿ ನನ್ನನ್ನು ಉಳಿಸಿತು. ಅದರಲ್ಲಿ ವಾಸನೆಯೇ ಇಲ್ಲ, ಗಬ್ಬೆಲ್ಲ ಬಿಸಿನೀರಿನದ್ದು. ಶ್ರೀಗಂಧದ ಸೋಪು ಉಜ್ಜಿಕೊಂಡು ಅದೇ ನೀರು ಸುರಿದುಕೊಂಡರೆ ದೇವಸ್ಥಾನದ ಪಕ್ಕದ ಮೋರಿ ದಾಟಿದ ಹಾಗೆ.

ರಿಪೇರಿಯವನು ಬಂದು ಗೀಸರ್ ಬಿಚ್ಚಿದ. ಕಾಯಿಲ್ ತುಂಬ ಬೋರ್‌ವೆಲ್ಲಿನ ಸುಣ್ಣ. ಜೊತೆಗೊಂದು ಸವೆದ ಕಡ್ಡಿ ಹೊರಬಂತು. "ಮೆಗ್ನೀಸಿಯಂ ಸಾರ್, ಟ್ಯಾಂಕು ತುಕ್ಕು ಹಿಡೀದೆ ಇರ್ಲಿ ಅಂತ ಇದು ತಾನೇ ಕರಗುತ್ತೆ" ಎಂದ. ಮನೆಯ ಯಜಮಾನನ ಕತೆ ಇನ್ನೇನು! ನೀರಿನ ಸಲ್ಫೇಟನ್ನು ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಮಾಡುತ್ತವಂತೆ, ಆ ಮೊಟ್ಟೆಯ ನಾತ ಅದರದ್ದೇ. ಈ ತ್ಯಾಗಮಯಿ ಕಡ್ಡಿಯೇ ಅವಕ್ಕೆ ಒತ್ತಾಸೆಯಂತೆ. ಉಗುರುಬೆಚ್ಚಗಿನ ನೀರಲ್ಲಿ ಸಂಸಾರ ಹೂಡುವ ಅವು 60 ಡಿಗ್ರಿ ದಾಟಿಸಿ ಕೆಲವು ಗಂಟೆ ಇಟ್ಟರೆ ಸಾಯುತ್ತವೆ.

ಅಜ್ಜಿ ಬಾಗಿಲಲ್ಲೇ ನಿಂತು ತಪಾಸಣೆ ನಡೆಸಿದ್ದಳು. "ಹುಣಸೆಹಣ್ಣು ಹಾಕಿ ತಿಕ್ಕಪ್ಪ, ಹಂಡೆಗೆ ನಾವು ಅದನ್ನೇ ಹಾಕ್ತಿದ್ದದ್ದು." ಅವನು ನಕ್ಕು, ಬಾಟಲಿಯಿಂದ ಆ್ಯಸಿಡ್ ಸುರಿದ. ಸುಣ್ಣ ಬುಸುಗುಟ್ಟಿ ಕರಗಿತು. ಅಲ್ಯೂಮಿನಿಯಂ-ಸತುವಿನ ಹೊಸ ಕಡ್ಡಿ ಕೂರಿಸಿ ಬಿಲ್ ನನ್ನ ಕೈಗಿತ್ತ. ಕನ್ನಡಕ ಏರಿಸಿಕೊಂಡು ಅದನ್ನು ಓದಿದ ಅಜ್ಜಿ ಕೇಳಿದಳು: "ಹುಳಿ ಹುಳಿಯೇ ತಾನೆ? ಇಷ್ಟು ದುಡ್ಡಿಗೆ ವರ್ಷದ ಸಾರಿಗಾಗುವಷ್ಟು ಹುಣಸೆಹಣ್ಣು ಬರ್ತಿತ್ತಲ್ಲೋ!"