ಕ್ಯಾಮೆರಾ ಬಿಡಲೇ ಇಲ್ಲವಲ್ಲ, ಪುಣ್ಯಾತ್ಮ!

ದೆವ್ವ ಕಂಡವರನ್ನು ನಾನು ಈವರೆಗೆ ಕಂಡಿಲ್ಲ. ದೆವ್ವ ಕಂಡವರನ್ನು ಬಲ್ಲವರು ಮಾತ್ರ ನಮ್ಮ ಸಂತೇಬೆನ್ನೂರಿನಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಹೊಂಡದ ಕಡೆಯ ಯಾವುದಾದರೂ ಕಟ್ಟೆಯ ಮೇಲೆ ಮಂಡಕ್ಕಿ ಮಿರ್ಚಿ ಪೊಟ್ಟಣ ಬಿಚ್ಚಿಕೊಂಡು ಕೂತರೆ ಸಾಕು, ಶುರುವಾಗುತ್ತದೆ: “ನಾನಲ್ಲಪ, ನಮ್ಮ ಷಡ್ಡಕನ ತಮ್ಮ. ಸುಳ್ಳು ಹೇಳೋ ಮನುಷ್ಯ ಅಲ್ಲ. ತೋಟ ಕಾಯಾಕೆ ಹೋಗಿದ್ನಂತೆ. ಬ್ಯಾಟ್ರಿ ಸೆಲ್ಲು ವೀಕ್ ಆಗಿತ್ತಂತೆ...”

ಆ ಸೆಲ್ಲನ್ನು ಗಮನಿಸಿ. ದೆವ್ವದ ಬಗ್ಗೆ ಹೇಳುವವನು ದೆವ್ವದ ವರ್ಣನೆಗೆ ಕೈ ಹಾಕುವುದೇ ಇಲ್ಲ. ಮಬ್ಬು ಬ್ಯಾಟರಿ, ಹತ್ತದ ಬೆಂಕಿಕಡ್ಡಿ, ಬೇಲಿಗೆ ಸಿಕ್ಕಿದ ಲುಂಗಿ, ಇಷ್ಟೇ. ಲುಂಗಿ ಹರಿದದ್ದು ನಿಜವಾದ ಮೇಲೆ ದೆವ್ವವೂ ನಿಜವಾಗಲೇಬೇಕಲ್ಲ! “ಆ ಷಡ್ಡಕನ ತಮ್ಮನನ್ನೇ ಒಂದು ಮಾತು ಕೇಳೋಣ” ಎಂದರೆ ಅವನು ಊರು ಬಿಟ್ಟು ಎಷ್ಟೋ ವರ್ಷವಾಗಿರುತ್ತದೆ, ಇಲ್ಲವೇ ತೀರಿಕೊಂಡಿರುತ್ತಾನೆ. ಪಾಟೀಸವಾಲಿಗೆ ಸಾಕ್ಷಿ ಸಿಗುವುದೇ ಇಲ್ಲ.

ಇದೇ ಕಸುಬನ್ನು ಸಿನಿಮಾದವರು ‘ಫೌಂಡ್ ಫೂಟೇಜ್’ ಎಂದು ಕರೆದು ಕೋಟಿಗಟ್ಟಲೆ ದುಡಿದರು. ಹೋದವರು ಬರಲಿಲ್ಲ, ಅವರ ಕ್ಯಾಮೆರಾ ಸಿಕ್ಕಿತು, ಅದರಲ್ಲಿ ಇದ್ದದ್ದನ್ನು ಹಾಗೇ ತೋರಿಸುತ್ತಿದ್ದೇವೆ, ನಮ್ಮದೇನೂ ಇಲ್ಲ ಸ್ವಾಮಿ, ಎನ್ನುವ ವಿನಯದ ಸುಳ್ಳು. ಕನ್ನಡದಲ್ಲಿ ಈ ಸುಳ್ಳನ್ನು ಮೊದಲು ಜೋರಾಗಿ ಹೇಳಿದವರು ಕೆ.ಎಸ್. ಅಶೋಕ. 2013ರ ನವೆಂಬರ್‌ನಲ್ಲಿ ಬಂದ ಅವರ ಚಿತ್ರದ ಹೆಸರು ‘6-5=2’. ಮೇಷ್ಟ್ರು ಕಿವಿ ಹಿಂಡುವಂಥ ಲೆಕ್ಕ! ಆರರಲ್ಲಿ ಐದು ಕಳೆದರೆ ಒಂದಲ್ಲವೇ, ಮಿಕ್ಕ ಇನ್ನೊಂದು ಯಾರದು? ಟಿಕೆಟ್ ತೆಗೆಯುವ ಮೊದಲೇ ಹೆದರಿಕೆ ಶುರು. ಚಾರಣಕ್ಕೆ ಹೋದ ಆರು ಜನ, ಅವರ ಕೈಯಲ್ಲೊಂದು ಕ್ಯಾಮೆರಾ, ಕಾಡು. ದೊಡ್ಡ ಹೆಸರಿನ ನಟರಿಲ್ಲದೆ ಗೆದ್ದ ಈ ಚಿತ್ರ ಮರುವರ್ಷ ಅದೇ ಹೆಸರಿನಲ್ಲಿ ಹಿಂದಿಗೂ ಹೋಯಿತು. ಇದೇ ಅಶೋಕ ಆಮೇಲೆ 2020ರಲ್ಲಿ ‘ದಿಯಾ’ ಮಾಡಿ, ಹೆದರದೆ ಉಳಿದಿದ್ದವರನ್ನೂ ಅಳಿಸಿದರು.

ಅಶೋಕರ ಚಿತ್ರಕ್ಕೆ ಅಕ್ಕನಂತಿರುವುದು 1999ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’. ಡೇನಿಯಲ್ ಮಿರಿಕ್, ಎಡ್ವಾರ್ಡೊ ಸ್ಯಾಂಚೆಜ್ ಎಂಬ ಇಬ್ಬರು ನಿರ್ದೇಶಕರು ಮೂವರು ಅಪರಿಚಿತ ನಟರ ಕೈಗೆ ಕ್ಯಾಮೆರಾ ಕೊಟ್ಟು, ಅಮೆರಿಕದ ಮೇರಿಲ್ಯಾಂಡಿನ ಕಾಡಿಗೆ ಅಟ್ಟಿದರು. ಸಂಭಾಷಣೆ ಬರೆದುಕೊಡಲಿಲ್ಲ. ಇಂದು ಏನು ಮಾಡಬೇಕು ಎಂಬ ಚೀಟಿಯನ್ನು ದಾರಿಯಲ್ಲಿ ಡಬ್ಬಿಯೊಳಗೆ ಇಟ್ಟಿರುತ್ತಿದ್ದರು. ರಾತ್ರಿ ಬಂದು ಡೇರೆ ಅಲುಗಿಸುತ್ತಿದ್ದರು. ದಿನದಿನಕ್ಕೆ ಊಟ ಕಡಿಮೆ ಮಾಡಿದರು. ಹೊಟ್ಟೆಗಿಲ್ಲದೆ, ನಿದ್ದೆಯಿಲ್ಲದೆ ಆ ಮೂವರು ಒಬ್ಬರ ಮೇಲೊಬ್ಬರು ಎಗರಾಡುವುದಿದೆಯಲ್ಲ, ಅದು ಮುಕ್ಕಾಲು ಪಾಲು ನಟನೆಯೇ ಅಲ್ಲ. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಎಲೆ ಹಾಕುವುದು ತಡವಾದರೆ ನಮ್ಮ ಕಡೆಯ ಬೀಗರೂ ಅಷ್ಟೇ ಸಹಜವಾಗಿ ಅಭಿನಯಿಸುತ್ತಾರೆ.

ಇಷ್ಟಾಗಿಯೂ ಚಿತ್ರದಲ್ಲಿ ಮಾಟಗಾತಿ ಬರುವುದೇ ಇಲ್ಲ! ಕಡ್ಡಿ ಕಟ್ಟಿದ ಗೊಂಬೆಗಳು, ಗುಡ್ಡೆ ಹಾಕಿದ ಕಲ್ಲು, ಕತ್ತಲಲ್ಲಿ ಏನೋ ಸದ್ದು. ಎಂಟು ದಿನದಲ್ಲಿ ಪುಡಿಗಾಸಿನಲ್ಲಿ ತೆಗೆದ ಚಿತ್ರ ಸುಮಾರು 25 ಕೋಟಿ ಡಾಲರ್ ಬಾಚಿತು. ಚಿತ್ರಕ್ಕಿಂತ ಜಾಣತನದ್ದು ಪ್ರಚಾರ. ಮೂವರೂ ಕಾಣೆಯಾಗಿದ್ದಾರೆ ಎಂದು ಪೋಸ್ಟರ್ ಹಂಚಿದರು, ಇಂಟರ್‌ನೆಟ್ಟಿನಲ್ಲಿ ಅವರನ್ನು ಸತ್ತವರ ಪಟ್ಟಿಗೆ ಸೇರಿಸಿದಂತೆ ಬಿಂಬಿಸಿದರು. ನಾಯಕಿಯ ತಾಯಿಗೆ ಜನ ಸಂತಾಪದ ಕಾರ್ಡು ಬರೆದರು. ಮಗಳು ಮನೆಯಲ್ಲೇ ಕೂತಿದ್ದರೆ ಆ ತಾಯಿ ಕಾರ್ಡು ಹಿಡಿದುಕೊಂಡು ಏನು ಮಾಡಬೇಕು ಹೇಳಿ?

ಇದಕ್ಕೂ ಮೊದಲು, 1980ರ ‘ಕ್ಯಾನಿಬಲ್ ಹೋಲೋಕಾಸ್ಟ್’ ತೆಗೆದ ಇಟಲಿಯ ರುಜೆರೋ ದೆಯೋದಾತೋ ಇನ್ನೂ ಫಜೀತಿಪಟ್ಟ. ನಿಜ ಅನಿಸಲಿ ಎಂದು ನಟರಿಗೆ ಒಂದು ವರ್ಷ ಎಲ್ಲೂ ಮುಖ ತೋರಿಸಬೇಡಿ ಎಂದು ಕರಾರು ಮಾಡಿಸಿದ್ದನಂತೆ. ಜನ ಎಷ್ಟು ನಂಬಿದರೆಂದರೆ, ನಟರನ್ನು ಕೊಂದೇ ಬಿಟ್ಟಿದ್ದಾನೆ ಎಂದು ಕೇಸು ಬಿತ್ತು. ಪಾಪ, ಬದುಕಿದವರನ್ನು ಹುಡುಕಿ ತಂದು ಇವರು ಬದುಕಿದ್ದಾರೆ ಎಂದು ಸಾಬೀತು ಮಾಡಬೇಕಾಯಿತು. ಪಿಂಚಣಿಗೆ ಜೀವಂತ ಪ್ರಮಾಣಪತ್ರ ಕೊಡುವ ನಮ್ಮ ಹಿರಿಯರಿಗೆ ಅವನ ಸಂಕಟ ಅರ್ಥವಾದೀತು.

ಇಂಥ ಪ್ರಚಾರ ನಮಗೆ ಹೊಸದೇನಲ್ಲ ಬಿಡಿ. ತೊಂಬತ್ತರ ದಶಕದಲ್ಲಿ ಕರ್ನಾಟಕದ ಊರೂರಿನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದು ನೆನಪಿದೆಯೇ? ರಾತ್ರಿ ದೆವ್ವವೊಂದು ಮನೆಯವರದೇ ದನಿಯಲ್ಲಿ ಕರೆಯುತ್ತದಂತೆ, ಬಾಗಿಲು ತೆಗೆದರೆ ಮುಗಿಯಿತಂತೆ. ಬರಹ ಓದಿಕೊಂಡು ವಾಪಸು ಹೋಗುತ್ತದಂತೆ, ಮರುದಿನ ಬಂದು ಮತ್ತೆ ಓದುತ್ತದಂತೆ. ಸರ್ಕಾರಿ ಕಚೇರಿಗೆ ಅಲೆದು ಅಭ್ಯಾಸವಿದ್ದ ದೆವ್ವವೇ ಇರಬೇಕು. ದೆವ್ವವನ್ನು ಯಾರೂ ನೋಡಲಿಲ್ಲ, ಸೀಮೆಸುಣ್ಣದ ಅಕ್ಷರವನ್ನು ಎಲ್ಲರೂ ನೋಡಿದರು. ಪಕ್ಕದ ಮನೆಯವರು ಬರೆದಿದ್ದಾರೆ ಎಂದ ಮೇಲೆ ಅವರು ಏನೋ ಕಂಡಿರಬೇಕು! ಬ್ಲೇರ್ ವಿಚ್‌ನವರು ಪೋಸ್ಟರ್ ಮಾಡಿಸಿ ಮಾಡಿದ್ದನ್ನು ನಮ್ಮವರು ನಾಲ್ಕಾಣೆ ಚಾಕ್‌ಪೀಸಿನಲ್ಲಿ ಮುಗಿಸಿದ್ದರು.

ಇನ್ನು ಹೆದರಿಕೆಯ ಒಳಗುಟ್ಟಿಗೆ ಬರೋಣ. 1979ರ ‘ನಾ ನಿನ್ನ ಬಿಡಲಾರೆ’ ಥರದ ಚಿತ್ರದಲ್ಲಿ ಹೆದರಬೇಕಾದ ಜಾಗವನ್ನು ಸಂಗೀತ ಮೊದಲೇ ಹೇಳಿಬಿಡುತ್ತದೆ. ಕ್ಯಾಮೆರಾ ಕೂಡ “ಇಗೋ, ಇಲ್ಲಿ ನೋಡು” ಎಂದು ಕೈ ಹಿಡಿದು ಕರೆದೊಯ್ಯುತ್ತದೆ. ನಾವು ಸಮಯಕ್ಕೆ ಸರಿಯಾಗಿ ಕಣ್ಣು ಮುಚ್ಚಬಹುದು. ಸಿಕ್ಕಿದ ಫೂಟೇಜಿಗೆ ಹಿನ್ನೆಲೆ ಸಂಗೀತ ಎಲ್ಲಿಂದ ಬರಬೇಕು? ಎಚ್ಚರಿಕೆಯ ಗಂಟೆಯೇ ಇಲ್ಲ. ಓರೆನ್ ಪೆಲಿ ಎಂಬಾತ ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ ಚಿತ್ರವನ್ನು ಸ್ಯಾನ್ ಡಿಯಾಗೊದ ತನ್ನ ಮನೆಯಲ್ಲೇ ಸುಮಾರು 15,000 ಡಾಲರ್‌ನಲ್ಲಿ ತೆಗೆದ. 2009ರಲ್ಲಿ ಅದು ಲೋಕವನ್ನೆಲ್ಲ ನಡುಗಿಸಿತು. ಮಲಗುವ ಕೋಣೆಯಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ ಕ್ಯಾಮೆರಾ, ಮೂಲೆಯಲ್ಲಿ ಓಡುವ ಗಡಿಯಾರ, ಗಂಡ ಹೆಂಡತಿಯಂತಿರುವ ಇಬ್ಬರ ನಿದ್ದೆ. ಗಡಿಯಾರ ದಡದಡ ಓಡಿ, ಇದ್ದಕ್ಕಿದ್ದಂತೆ ಮಾಮೂಲಿ ವೇಗಕ್ಕೆ ಬರುತ್ತದೆ. ಏನೂ ಆಗುವುದಿಲ್ಲ. ನಾವು ಬಾಗಿಲು ನೋಡುತ್ತೇವೆ, ಪರದೆ ನೋಡುತ್ತೇವೆ, ಹಾಸಿಗೆ ಅಂಚು ನೋಡುತ್ತೇವೆ. ಆಮೇಲೆ ಬಾಗಿಲು ಚೂರು ಅಲುಗುತ್ತದೆ. ಅಲ್ಲಿಗೆ ಜೀವ ಬಾಯಿಗೆ! ಹುಡುಕುವ ಕೂಲಿ ನಮ್ಮದು, ಲಾಭ ಪೆಲಿಯದು.

ಈ ಕೂಲಿ ಏನೆಂದು ನಮ್ಮ ಚನ್ನಗಿರಿ ಸೀಮೆಯ ಅಡಿಕೆಯವರಿಗೆ ಬೇರೆ ಹೇಳಬೇಕಾಗಿಲ್ಲ. ರೇಟು ಏರಿದ ಮೇಲೆ ಕಳ್ಳರ ಭಯ, ಕಳ್ಳರ ಭಯಕ್ಕೆ ಸಿಸಿ ಕ್ಯಾಮೆರಾ. ಸುಲಿದು ಬೇಯಿಸಿ ಹರವಿದ ಅಡಿಕೆಯ ಮೇಲೆ ಒಂದು, ಶೆಡ್ಡಿನ ಮೂಲೆಗೊಂದು. ಯಜಮಾನರು ಹಾಸಿಗೆಯಲ್ಲಿ ಮಲಗಿ ಮೊಬೈಲಿನಲ್ಲಿ ಕಣ ನೋಡುತ್ತಾರೆ. ರಾತ್ರಿ ಆ ಕ್ಯಾಮೆರಾ ನಮಗೆ ಕಾಣದ ಇನ್‌ಫ್ರಾರೆಡ್ ಬೆಳಕು ಚೆಲ್ಲುವುದರಿಂದ ಬಣ್ಣವೆಲ್ಲ ಹೋಗಿ ಬೂದಿ ಬೂದಿ. ಗಾಜಿನ ಹತ್ತಿರ ಹಾರಿದ ಹುಳ ಬೆಳ್ಳನೆ ಉಂಡೆಯಾಗಿ ತೇಲುತ್ತದೆ. ಜೇಡ ಬಲೆ ನೇಯ್ದರೆ ಸೆರಗು ಬೀಸಿದ ಹಾಗೆ. ಬೆಕ್ಕು ಬಂದರೆ ಎರಡು ಕಣ್ಣು ಮಾತ್ರ ಉರಿಯುತ್ತವೆ. “ಲೇ, ಏಳೇ, ಕಣದಾಗ ಏನೋ ಐತೆ ನೋಡು” ಎಂದು ಯಜಮಾನರು ಎಬ್ಬಿಸಿದರೆ ಮನೆಯಾಕೆ ಅರೆಗಣ್ಣಲ್ಲಿ ನೋಡಿ, “ಹುಳ ಕಣ್ರೀ ಅದು, ಬೆಳಿಗ್ಗೆ ಪೊರಕೆ ತಗಂಡು ಒರೆಸ್ರಿ” ಎಂದು ಮಗ್ಗುಲು ಬದಲಿಸುತ್ತಾಳೆ. ಅವಳನ್ನು ಹೆದರಿಸುವ ನಿರ್ದೇಶಕ ಇನ್ನೂ ಹುಟ್ಟಿಲ್ಲ. ಅದೇ ಕ್ಲಿಪ್ಪನ್ನು ಅಳಿಯ ವಾಟ್ಸಾಪ್ ಗುಂಪಿಗೆ ಹಾಕಿದರೆ ಬೆಳಕು ಹರಿಯುವುದರೊಳಗೆ ಅದು ಹೊನ್ನಾಳಿ ದಾಟಿ ನ್ಯಾಮತಿ ತಲುಪಿ, “ನಮ್ಮ ಪಕ್ಕದೂರಲ್ಲಿ ನಡೆದದ್ದು” ಎಂಬ ತಲೆಬರಹದೊಂದಿಗೆ ವಾಪಸು ಬರುತ್ತದೆ. ಆಗ ಯಜಮಾನರೇ ನಂಬುತ್ತಾರೆ.

ಈ ಜಾತಿಯ ಚಿತ್ರಗಳಿಗೆ ಹಳೆಯ ಆಕ್ಷೇಪಣೆಯೊಂದಿದೆ: ದೆವ್ವ ಅಟ್ಟಿಸಿಕೊಂಡು ಬರುತ್ತಿರುವಾಗ ಕ್ಯಾಮೆರಾ ಎಸೆದು ಓಡಬಾರದೇ, ಪುಣ್ಯಾತ್ಮ? 1999ರಲ್ಲಿ ನ್ಯಾಯವಾದ ಪ್ರಶ್ನೆ. ಈಗ ಕೇಳಿದರೆ ಮಕ್ಕಳು ನಗುತ್ತಾರೆ. ಬೈಕು ಬಿದ್ದರೆ ಎತ್ತುವ ಮೊದಲು ವಿಡಿಯೊ, ಹೊಳೆ ಬಂದರೆ ಓಡುವ ಮೊದಲು ಸೆಲ್ಫಿ. ದೆವ್ವ ಸುಳ್ಳಿರಬಹುದು, ಮೊಬೈಲು ಬಿಡದ ಆ ಕೈ ಮಾತ್ರ ಅಪ್ಪಟ ಸತ್ಯ. ಹಾಗೆಂದು ಬರೀ ಅಲುಗಾಡಿಸಿದರೆ ಆಗಲಿಲ್ಲ. ಕೈ ನಡುಗಿಸಿದ್ದೇ ಕಲೆ ಎಂದುಕೊಂಡವರ ಚಿತ್ರ ನೋಡಿದರೆ ಭಯ ಬರುವುದಿಲ್ಲ, ವಾಂತಿ ಬರುತ್ತದೆ. ಬ್ಲೇರ್ ವಿಚ್ ನೋಡಿದವರಲ್ಲೂ ಎಷ್ಟೋ ಜನ ಹೊಟ್ಟೆ ತೊಳಸಿ ಎದ್ದುಬಂದಿದ್ದರಂತೆ.

ಇಂಥ ಚಿತ್ರ ತೆಗೆಯಲು ಒಳ್ಳೆಯ ಜಾಗ ನಮ್ಮ ಸಂತೇಬೆನ್ನೂರಿನಲ್ಲೇ ಇದೆ. ಪಾಳೆಯಗಾರ ಕೆಂಗ ಹನುಮಪ್ಪ ನಾಯಕನ ಕಾಲದ ಹೊಂಡ, ನಡುನೀರಿನಲ್ಲಿ ದೋಣಿಯಿಲ್ಲದೆ ತಲುಪಲಾಗದ ಮಂಟಪ, ದಂಡೆಯಲ್ಲಿ ಮುಸಾಫಿರ್‌ಖಾನೆ. ಸಂಜೆ ಮಬ್ಬಿನಲ್ಲಿ ಆ ಮಂಟಪದ ಕಮಾನಿನತ್ತ ಮೊಬೈಲ್ ಹಿಡಿದು ಸುಮ್ಮನೆ ನಿಂತರೂ ಸಾಕು, ಪೆಲಿಯ ಬಾಗಿಲೇ ಬೇಡ. ತೊಡಕಿರುವುದು ನಟರದು. ಈ ಚಿತ್ರಗಳಿಗೆ ಗುರುತಿಲ್ಲದ ಮುಖ ಬೇಕು. ಸ್ಟಾರ್ ಬಂದರೆ ಎಂಟ್ರಿ ಬೇಕು, ನಿಧಾನಗತಿಯ ನಡಿಗೆ ಬೇಕು, ಬಿದ್ದ ಕ್ಯಾಮೆರಾವನ್ನು ಕಾಲಲ್ಲಿ ಚಿಮ್ಮಿ ಹಿಡಿಯಬೇಕು. ಅಭಿಮಾನಿಗಳ ಶಿಳ್ಳೆಗೆ ದೆವ್ವವೇ ಹೊಂಡಕ್ಕೆ ಹಾರೀತು. ಸರಿ, ಊರಿನ ಹುಡುಗರನ್ನೇ ಹಾಕೋಣ ಎಂದರೆ, “ಕಾಣೆಯಾಗಿದ್ದಾನೆ” ಎಂಬ ಪೋಸ್ಟರ್ ಅಂಟಿಸಿದ ಹತ್ತು ನಿಮಿಷಕ್ಕೆ ಯಾರಾದರೂ ಹಿರಿಯರು ಕನ್ನಡಕ ಸರಿಪಡಿಸಿಕೊಂಡು, “ಇವ ನಮ್ಮ ದೊಡ್ಡಪ್ಪನ ಮೊಮ್ಮಗ ಅಲ್ಲೇನೋ? ಈಗ ತಾನೇ ದಾವಣಗೆರೆ ಬಸ್ಸು ಹತ್ತಿದ್ನಲ್ಲ” ಎನ್ನುತ್ತಾರೆ.

ಅದಕ್ಕೂ ದೊಡ್ಡ ಅಡ್ಡಿ ಇನ್ನೊಂದು. ಕಾಡಿನಲ್ಲಿ ಬಿದ್ದ ಕ್ಯಾಮೆರಾ ಯಾರಿಗೆ ಸಿಕ್ಕಿತು, ಅಷ್ಟು ಚೆಂದವಾಗಿ ಕತ್ತರಿಸಿ ಜೋಡಿಸಿದವರು ಯಾರು ಎಂದು ಎಷ್ಟೋ ಚಿತ್ರಗಳು ಬಾಯಿ ಬಿಡುವುದಿಲ್ಲ. ನಮ್ಮ ಕಡೆ ಸಿಕ್ಕಿದ್ದರೆ ಸಿನಿಮಾವೇ ಆಗುತ್ತಿರಲಿಲ್ಲ. ಸಿಕ್ಕವನು ಮೊದಲು ಸುತ್ತ ನೋಡಿ, ಜೇಬಿಗಿಳಿಸಿ, ಮನೆಗೆ ಬಂದು ಮೆಮೊರಿ ಕಾರ್ಡ್ ಅಳಿಸಿ, ತಂಗಿಯ ಮದುವೆಯ ಆರತಕ್ಷತೆ ತುಂಬಿಸಿಕೊಳ್ಳುತ್ತಿದ್ದ.