ಯಾರ ಹಿಡಿ ಅತ್ತಿಗೆ?

ಕೊಪ್ಪ ಸೀಮೆಯವರಿಗೆ ಲೆಕ್ಕ ಬರೋದಿಲ್ಲ ಅಂತ ಯಾರಾದರೂ ಅಂದರೆ, ಅವರು ಅಡಿಕೆ ಮಂಡಿಯ ಮೆಟ್ಟಿಲು ಹತ್ತಿದವರಲ್ಲ. ರಾಶಿ ಇಡಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು. ತೂಕ ಅರ್ಧ ಕಿಲೋ ಆಚೀಚೆ ಆದರೆ ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಅಂಥ ಮನೆಯಲ್ಲೇ ಕೂತು ನಮ್ಮ ಅತ್ತಿಗೆ ತಲೆಗೆ ಹಾಕುವ ಎಣ್ಣೆ ಕಾಯಿಸಿ ಮಾರುತ್ತಾರೆ, ಪೂರಾ ಕಣ್ಣಂದಾಜಿನಲ್ಲಿ.

"ಗರುಗ ಎಷ್ಟು ಹಾಕಿದ್ರಿ?"

"ಒಂದು ಹಿಡಿ."

ಯಾರ ಹಿಡಿ? ಅತ್ತಿಗೆಯದ್ದೋ, ಮೊರದಗಲ ಕೈಯಿರುವ ಅಣ್ಣನದ್ದೋ? ದಾಸವಾಳದ ಎಲೆ? "ಬುಟ್ಟಿಯಲ್ಲಿ ಇದ್ದಷ್ಟು." ಎಷ್ಟು ಹೊತ್ತು ಕಾಯಿಸಿದ್ರಿ? "ಆಗೋ ತನಕ, ಮಾರಾಯ!"

ಈ 'ಆಗೋ ತನಕ'ದ ಬಗ್ಗೆ ನನ್ನ ತಕರಾರಿಲ್ಲ. ಹಸಿಸೊಪ್ಪಿನಲ್ಲಿ ನೀರಿರುವಷ್ಟು ಹೊತ್ತೂ ಎಣ್ಣೆ ಚಟಪಟ ಅನ್ನುತ್ತದೆ. ಸದ್ದಡಗಿದ ಮೇಲೆ ಅತ್ತಿಗೆ ತಳದ ಚರಟವನ್ನು ಬೆರಳಲ್ಲಿ ಹೊಸೆದು, ಬತ್ತಿ ಮಾಡಿ, ದೀಪಕ್ಕೆ ಹಿಡಿಯುತ್ತಾರೆ. ಚಿಟಿಚಿಟಿ ಅಂದರೆ ನೀರು ಇನ್ನೂ ಉಂಟು, ಸುಮ್ಮನೆ ಉರಿದರೆ ಇಳಿಸಬಹುದು. ಆಯುರ್ವೇದದವರು ತೈಲಪಾಕಕ್ಕೆ ಹೇಳುವ ಪರೀಕ್ಷೆಯೂ ಇದೇ. ಊರಲ್ಲೇ ಆಯುರ್ವೇದ ಕಾಲೇಜಿದ್ದರೂ ಅತ್ತಿಗೆ ಕಲಿತದ್ದು ಅಜ್ಜಿಯ ಬಚ್ಚಲೊಲೆ ಮುಂದೆ.

ತಕರಾರಿರುವುದು ಆಮೇಲಿನದ್ದಕ್ಕೆ. ಆಷಾಢದಲ್ಲಿ ಒಂದು ಬಾಟ್ಲಿ ಕಮಟು ವಾಸನೆ ಅಂತ ವಾಪಸ್ ಬಂತು. ಯಾವತ್ತು ಕಾಯಿಸಿದ್ದು? "ಮಳೆಗಾಲದ್ದು." ಕೊಪ್ಪದಲ್ಲಿ ಮಳೆಗಾಲ ಅಂದರೆ ತಾರೀಕಾಯಿತೇ? ಯಾವ ಟಿನ್ನಿನ ಕೊಬ್ಬರಿ ಎಣ್ಣೆ? ಹೊಸ ಟಿನ್ನು ಬಂದು ಮುಂದೆ ಕೂತಿದೆ, ಹಳೇದು ಹಿಂದೆ ಸರಿದು ಅಲ್ಲೇ ಮುದಿಯಾಗುತ್ತಿದೆ. ಕೆಟ್ಟದ್ದು ಎಣ್ಣೆಯೋ, ಒದ್ದೆ ಸೊಪ್ಪೋ, ತೊಳೆದು ಒಣಗಿಸದ ಬಾಟ್ಲಿಯೋ, ಹೇಳುವವರಾರು?

ಇದೇ ಅತ್ತಿಗೆಯ ಮುಯ್ಯಿ ಪುಸ್ತಕ ನೋಡಬೇಕು! ಮೂವತ್ತು ವರ್ಷದ ಹಿಂದಿನ ಮದುವೆಯಲ್ಲಿ ಐವತ್ತೊಂದು ರೂಪಾಯಿ ಇಟ್ಟವರು ಯಾರು, ಸ್ಟೀಲ್ ಡಬ್ಬಿ ತಂದವರು ಯಾರು, ಆ ಡಬ್ಬಿ ಮುಂದೆ ಯಾರ ಗೃಹಪ್ರವೇಶಕ್ಕೆ ಹೋಯಿತು, ಎಲ್ಲ ಅದರಲ್ಲುಂಟು. "ಬ್ಯಾಚ್ ರಿಜಿಸ್ಟರ್ ಅಂದ್ರೆ ಇದೇ ಅತ್ತಿಗೆ, ಡಬ್ಬಿ ಬದಲು ಎಣ್ಣೆ ಬರೀರಿ" ಅಂದೆ.

ಮಾರುವುದಾದರೆ ಲೈಸೆನ್ಸು ಬೇಕು, ಲೇಬಲ್ ಮೇಲೆ ಬ್ಯಾಚ್ ನಂಬರು, ಇಂಥ ತಿಂಗಳೊಳಗೆ ಬಳಸಿ ಅನ್ನೋದು ಇರಬೇಕು, 2020ರ ಕಾಸ್ಮೆಟಿಕ್ಸ್ ನಿಯಮ ಹಾಗಿದೆ ಅಂತಲೂ ಹೆದರಿಸಿದೆ. 25 ಮಿಲಿಯೊಳಗಿನ ಬಾಟ್ಲಿಗೆ ಬ್ಯಾಚ್ ನಂಬರಿನ ವಿನಾಯಿತಿ ಉಂಟು ಅಂತ ಬಾಯಿತಪ್ಪಿ ಬಂದದ್ದೇ ತಡ, "ಹಾಗಾದ್ರೆ ಎಲ್ಲ ಸಣ್ಣ ಬಾಟ್ಲೀಲೇ ತುಂಬ್ತೇನೆ!" ಸೋಪಿಗೆ ಕೈಹಾಕುವ ಆಸೆಯೂ ಉಂಟು ಅವರಿಗೆ. ಕಿಲೋ ಕೊಬ್ಬರಿ ಎಣ್ಣೆಗೆ ಕಾಸ್ಟಿಕ್ ಸೋಡ ಸುಮಾರು 180 ಗ್ರಾಂ. ಅಲ್ಲಿ ಹಿಡಿ ಲೆಕ್ಕ ಹಿಡಿದರೆ ಗಿರಾಕಿಯ ಚರ್ಮವೇ ವಾಪಸ್ ಬಂದೀತು.

ಅಂತೂ ರಿಜಿಸ್ಟರ್ ಬಂತು. ತಾರೀಕು, ಟಿನ್ನಿನ ನಂಬರು, ಸೊಪ್ಪಿನ ತೂಕ, ಹಾಕಿದ ಎಣ್ಣೆ, ಸೋಸಿದ ಎಣ್ಣೆ, ಬಾಟ್ಲಿ, ಯಾರಿಗೆ. ಮೊದಲ ಕಾಯಿಸುವಿಕೆಗೇ ಗುಟ್ಟು ಬಯಲು: ಐದು ಲೀಟರು ಹಾಕಿ ಸೋಸಿದ್ದು 4.6. ಚರಟ ಕುಡಿದದ್ದು ಹೋಗಲಿ, 100 ಮಿಲಿಯ ಬಾಟ್ಲಿ 46 ಇರಬೇಕಲ್ಲ? ಇದ್ದದ್ದು 43. ಅಣ್ಣನ ಬೋಳುತಲೆ ಮಾತ್ರ ವಾರದಿಂದ ಮಿರಮಿರ ಮಿಂಚುತ್ತಿತ್ತು.

ಅತ್ತಿಗೆ ಏನೂ ಅನ್ನಲಿಲ್ಲ. ಪೆನ್ನು ತಗೊಂಡು 'ಯಾರಿಗೆ' ಅನ್ನುವ ಕಡೆ ಬರೆದರು: "ಮೂರು ಬಾಟ್ಲಿ, ಮನೆ ಖರ್ಚು. ಪ್ರಯೋಜನ ಇಲ್ಲ."