ಬೂದಿ ಸಾಹೇಬರು

ಮಣ್ಣು, ಗೊಬ್ಬರ, ಎಲೆಗಳಲ್ಲಿ ಇಂಗಾಲ ಎಷ್ಟು, ಸಾರಜನಕ ಎಷ್ಟು ಎಂದು ಹೇಳುವ ಸಿಎಚ್‌ಎನ್ ಯಂತ್ರ ಇರುವ ಕಡೆ ಅದಕ್ಕೊಬ್ಬ ಕಾವಲುಗಾರರೂ ಇರುತ್ತಾರೆ. ಹುದ್ದೆ ತಾಂತ್ರಿಕ ಸಹಾಯಕರದು. ಸಹಾಯ ಮಾಡಿದ್ದನ್ನು ಕಂಡವರು ಕಡಿಮೆ. ನಮ್ಮ ಪಾಲಿಗೆ ಬಂದಿದ್ದವರನ್ನು ಬೆನ್ನ ಹಿಂದೆ ಬೂದಿ ಸಾಹೇಬರು ಅನ್ನುತ್ತಿದ್ದೆವು. ಎದುರಿಗೆ ಬರೀ ಸಾರ್.

ಯಂತ್ರದೊಳಗೆ ಒಂದು ಕ್ವಾರ್ಟ್ಜ್ ಟ್ಯೂಬು, ಸುಮಾರು 950 ಡಿಗ್ರಿ ಕಾವು. ತವರದ ಪುಟಾಣಿ ಪೊಟ್ಟಣದಲ್ಲಿ ಸುತ್ತಿದ ಸ್ಯಾಂಪಲ್ ಮೇಲಿನಿಂದ ಬೀಳುತ್ತದೆ. ಆಮ್ಲಜನಕ ತಗುಲಿದೊಡನೆ ತವರವೇ ಧಗ್ಗೆಂದು ಉರಿದು ಆ ಕ್ಷಣಕ್ಕೆ ಕಾವು 1,800ರ ಹತ್ತಿರ ಏರುತ್ತದೆ. ಅನಿಲ ಮುಂದೆ ಹೋಗುತ್ತದೆ, ತವರದ ಆಕ್ಸೈಡೂ ಉರಿಯದ ಖನಿಜವೂ ಅಲ್ಲೇ ಕೂರುತ್ತವೆ. ಹೀಗೆ ಬೂದಿ ಮೇಲೇರಿದರೆ ಮುಂದಿನ ಪೊಟ್ಟಣ ಸರಿಯಾದ ಕಾವಿಗೆ ಸಿಗದೆ ಅರೆಬೇಯುತ್ತದೆ, ಗ್ರಾಫಿನ ಪೀಕು ಬಾಲ ಬಿಡುತ್ತದೆ. ಎಲೆಯ ಪುಡಿಯಾದರೆ ಉಳಿಯುವುದು ಚಿಟಿಕೆ. ಮಣ್ಣಾದರೆ ಹಾಕಿದ್ದರ ಬಹುಪಾಲು ಅಲ್ಲೇ. ನನ್ನದು ಮಣ್ಣು.

"ಸಾರ್, ಸ್ವಲ್ಪ ಸ್ಯಾಂಪಲ್ ಇತ್ತು."

"ಎಲೆಯೋ, ಮಣ್ಣೋ?"

"ಮಣ್ಣು ಸಾರ್."

"ಯಾವ ಮಣ್ಣು?"

"ಕೆಂಪು."

ಕನ್ನಡಕ ತೆಗೆದು ನಿಧಾನವಾಗಿ ಒರೆಸುವರು. "ನನ್ನ ಟ್ಯೂಬಲ್ಲಿ ಇಟ್ಟಿಗೆ ಸುಡೋಕೆ ಬಂದಿದೀಯೇನಪ್ಪಾ?"

ಏಸಿ ರಿಮೋಟು ಅವರ ಜೇಬಲ್ಲೇ, ಹೀಲಿಯಂ ಸಿಲಿಂಡರಿನ ಕೀಲಿಯೂ ಅಲ್ಲೇ. ಅದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಬೂದಿ ತೆಗೆಯುವ ದಿನ. ಕುಲುಮೆಯನ್ನು ಹಿಂದಿನ ಸಂಜೆಯೇ ಆರಿಸಿಟ್ಟಿರುತ್ತಾರೆ. ಬೆಳಗ್ಗೆ ಹತ್ತಿಯ ಕೈಗವಸು ಹಾಕಿಕೊಂಡರೆಂದರೆ ಮಡಿ ಉಟ್ಟ ಹಾಗೆ. ಯಾರೂ ಮುಟ್ಟುವ ಹಾಗಿಲ್ಲ. ಬರಿಗೈ ಬೆವರಿನ ಉಪ್ಪು ಕ್ವಾರ್ಟ್ಜಿಗೆ ಅಂಟಿ, ಕಾವಿಗೆ ಆ ಜಾಗ ಬೆಳ್ಳಗಾಗಿ ಬಿರಿಯುತ್ತದೆ ಎನ್ನುವುದು ನಿಜವೇ. ಡಾಕ್ಟರೇಟ್ ಬಂದ ಮೇಲೂ ನನ್ನ ಬೆವರಿಗೆ ಮಾತ್ರ ಬಡ್ತಿ ಸಿಗಲಿಲ್ಲ.

ಟ್ಯೂಬಿನೊಳಗಿನ ಬೂದಿ ತುಂಬಿದ ಒಳಗೊಳವೆಯನ್ನು ಕೊಕ್ಕೆಯಿಂದ ಎತ್ತಿ, ಬಿಳಿ ಹಾಳೆಯ ಮೇಲೆ ಮೆಲ್ಲಗೆ ಕೊಡವುವರು. ಕಡ್ಡಿ ಹಾಕಿ ಕೆರೆಯುವಂತಿಲ್ಲ, ಒಡೆದರೆ ಮೂರು ಕೊಟೇಶನ್, ಖರೀದಿ ಸಮಿತಿ, ವರ್ಷ. ಆಮೇಲೆ ವಿಚಾರಣೆ. "ಈ ಕೆಂಪು ನಿಂದು. ಇಲ್ಲಿ ಗಾಜಿಗೇ ಕಚ್ಚಿಕೊಂಡಿದೆಯಲ್ಲ, ಯಾರೋ ಚೌಳು ಮಣ್ಣು ಹಾಕಿದಾರೆ. ಯಾರದು?" ನಾಲ್ಕು ಜನ ಸಂಶೋಧಕರು ತಲೆ ತಗ್ಗಿಸುವೆವು. ಚೌಳು ಮಣ್ಣಿನವಳು ಹೆಚ್ಚು ತಗ್ಗಿಸುವಳು, ಸಿಕ್ಕಿಬೀಳುವಳು.

ಹೊಸ ಒಳಗೊಳವೆ ಇಳಿಸಿ, ಕಾವೇರಿಸಿ, ಯಂತ್ರ ಸರಿಯಿದೆಯೇ ಎಂದು ನೋಡಲು ಅಸಿಟನಿಲೈಡ್ ಹಾಕುವರು. ಅದರಲ್ಲಿ ಸಾರಜನಕ ಶೇಕಡಾ 10.36 ಬರಬೇಕು. ಹತ್ತಿರ ಬಂದರೆ ಎಲ್ಲರಿಗೂ ಅವರದೇ ಖರ್ಚಿನಲ್ಲಿ ಚಹಾ. ಬೈಸಿಕೊಂಡ ಬಾಯಿಗೆ ಆ ಚಹಾ ರುಚಿಯಾಗಿರುತ್ತಿತ್ತು ಎಂದು ಒಪ್ಪಿಕೊಳ್ಳಲು ನನಗಿನ್ನೂ ಮನಸ್ಸಿಲ್ಲ. ಆದರೆ ನಮ್ಮ ಥೀಸಿಸ್‌ಗಳ ಇಂಗಾಲದ ಅಂಕಿಯನ್ನು ಯಾವ ಪರೀಕ್ಷಕರೂ ಪ್ರಶ್ನಿಸಲಿಲ್ಲ.

ನಿವೃತ್ತಿಯ ದಿನ ಶಾಲು, ಹಣ್ಣಿನ ಬುಟ್ಟಿ ಆದವು. ಭಾಷಣದ ತುಂಬ ಕ್ವಾರ್ಟ್ಜ್ ಉಣ್ಣೆ ಯಾವ ಡ್ರಾದಲ್ಲಿದೆ ಎಂಬ ವಿವರ. ಕೊನೆಗೊಂದು ಮನವಿ: ಇಂಡೆಂಟ್ ಹಾಕಿರುವ ಹೊಸ ಟ್ಯೂಬು ಬಂದರೆ ಒಂದು ಫೋನ್ ಮಾಡಬೇಕು.

ಟ್ಯೂಬು ಮೊನ್ನೆ ಬಂತು. ಫೋನ್ ಯಾರು ಮಾಡುವುದೆಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೇವೆ. ಮಾಡಿದರೆ ಬಂದೇಬಿಡುತ್ತಾರೆ.